ಗಾಜಿನ ಹಿಂಬದಿಯ ಬಣ್ಣ

ದೋಹಾದಲ್ಲಿ ನಾನು ಏನು ಕೆಲಸ ಮಾಡುತ್ತಿದ್ದೆ ಎಂದು ಊರಿನಲ್ಲಿ ಯಾರಿಗೂ ಬಿಡಿಸಿ ಹೇಳಿದವನಲ್ಲ. ‘ಟೆಕ್ನಿಷಿಯನ್’ ಎನ್ನುತ್ತಿದ್ದೆ. ಕತಾರ್ ಎಂದ ಕೂಡಲೇ ಜನ ಎಣ್ಣೆ, ಗ್ಯಾಸು ಎಂದು ಉಳಿದದ್ದನ್ನು ತಾವೇ ತುಂಬಿಸಿಕೊಳ್ಳುತ್ತಿದ್ದರು. ನಾನು ತಿದ್ದಲಿಲ್ಲ. ಭಾನುವಾರ ಪೂಜೆ ಮುಗಿಸಿ ಚರ್ಚಿನ ಅಂಗಳದಲ್ಲಿ ನಿಂತ ನನ್ನ ಮಾವ ‘ಅಳಿಯ ಪ್ಲಾಂಟಿನಲ್ಲಿದ್ದಾನೆ’ ಎಂದು ಹೇಳಿಕೊಂಡು ತಿರುಗುವುದು ಗೊತ್ತಿದ್ದೂ ಸುಮ್ಮನಿದ್ದೆ. ನಿಜಕ್ಕೂ ನಾನು ಮಾಲ್‌ಗಳಲ್ಲಿ ಮಕ್ಕಳು ಆಡುವ ಯಂತ್ರಗಳನ್ನು ರಿಪೇರಿ ಮಾಡುತ್ತಿದ್ದೆ. ನಾಣ್ಯ ಹಾಕಿದರೆ ಕುಣಿಯುವ ಕುದುರೆ, ಗೊಂಬೆ ಎತ್ತುವ ಕೊಕ್ಕೆ, ತಲೆ ಎತ್ತಿದ ಕೂಡಲೇ ಸುತ್ತಿಗೆಯ ಪೆಟ್ಟು ತಿನ್ನುವ ಮೊಸಳೆ. ಐಟಿಐ ಓದಿ, ಮಂಗಳೂರಿನಲ್ಲಿ ಆರು ವರ್ಷ ಮೋಟಾರು ವೈಂಡಿಂಗ್ ಮಾಡಿ, ಕಡಲು ದಾಟಿ ಬಂದು ಪ್ಲಾಸ್ಟಿಕ್ ಕುದುರೆಯ ಹೊಟ್ಟೆಯೊಳಗೆ ಕೈ ಹಾಕಿದ್ದೆ. ಇದನ್ನು ಯಾರಿಗೆ ಹೇಳುವುದು?

ನಮ್ಮ ವರ್ಕ್‌ಶಾಪ್ ಇದ್ದದ್ದು ಇಂಡಸ್ಟ್ರಿಯಲ್ ಏರಿಯಾದಲ್ಲಿ. ಒಂದು ಶೆಡ್ಡು, ಒಂದು ಅಂಗಳ, ಉಸಿರಾಡಲು ಕಷ್ಟಪಡುವ ಒಂದು ಏಸಿ. ಕೆಲಸದವರು ಇಬ್ಬರೇ. ನಾನು ಮತ್ತು ಗದಗ ಕಡೆಯ ಒಬ್ಬ ಹಿರಿಯರು. ಅವರನ್ನು ನಾನು ಕಾಕಾ ಎನ್ನುತ್ತಿದ್ದೆ, ಅವರಿಗೆ ನಾನು ತಮ್ಮ. ಕಟ್ಟಡದ ಕೆಲಸಕ್ಕೆಂದು ಬಂದು, ಅಟ್ಟಣಿಗೆಯಿಂದ ಬಿದ್ದು ಸೊಂಟ ಕೆಡಿಸಿಕೊಂಡ ಮೇಲೆ ನಮ್ಮ ಕಂಪನಿಗೆ ಹೆಲ್ಪರ್ ಆಗಿ ಸೇರಿದ್ದರು. ವಯಸ್ಸು ಐವತ್ತೈದು ದಾಟಿತ್ತು. ಕಾಗದದ ಮೇಲೆ ಅವರು ನನ್ನ ಕೈಕೆಳಗಿನವರು. ಆದರೆ ಯಾವ ಯಂತ್ರದ ಯಾವ ಬೋಲ್ಟು ಯಾವ ಮೊಂಡುತನ ಮಾಡುತ್ತದೆ ಎಂದು ನನಗೆ ಕಲಿಸಿದವರೂ ಅವರೇ. ಹೆಂಡತಿ ತೀರಿಹೋಗಿದ್ದಳು, ಮಕ್ಕಳಿರಲಿಲ್ಲ. ಊರಿನ ಮನೆಯಲ್ಲಿ ತಮ್ಮಂದಿರಿಬ್ಬರ ಸಂಸಾರ. “ನಾ ರಜಾಕ್ಕ ಹೋದ್ರ ನನ್ನ ಹಾಸಿಗಿ ಯಾರ ಕೋಣ್ಯಾಗ ಹಾಸ್ಬೇಕು ಅಂತ ಇಬ್ರೂ ಮಾರಿ ಮಾರಿ ನೋಡ್ಕೋತಾರ,” ಎಂದು ನಗುತ್ತಿದ್ದರು. ಹಾಗಾಗಿ ಮೂರು ವರ್ಷಕ್ಕೊಮ್ಮೆ ಹೋಗಿ ಹದಿನೈದೇ ದಿನಕ್ಕೆ ತಿರುಗಿ ಬರುತ್ತಿದ್ದರು. ವರ್ಕ್‌ಶಾಪಿನ ಹಿಂದಿನ ಕೋಣೆಯೇ ಅವರ ಮನೆ.

ಏಷ್ಯನ್ ಗೇಮ್ಸ್‌ಗಾಗಿ ದೋಹಾದ ರಸ್ತೆಗಳನ್ನೆಲ್ಲ ಅಗೆದಿದ್ದ ವರ್ಷ ಅದು. ಆ ಬೇಸಿಗೆಯಲ್ಲಿ ನನಗೆ ಉತ್ತರದ ಒಂದು ಗ್ಯಾಸ್ ಪ್ಲಾಂಟಿನಿಂದ ಕೆಲಸದ ಆಫರ್ ಬಂತು. ಇದನ್ನು ನಾನು ಊರಿಗೆ ಕೂಡಲೇ ಹೇಳಿದೆ, ಯಾಕೆಂದರೆ ಇನ್ನು ಮಾವನ ಮಾತು ಸುಳ್ಳಾಗಿ ಉಳಿಯುವುದಿಲ್ಲ. ಅದಕ್ಕಿಂತ ದೊಡ್ಡ ಸಂಗತಿ ಬೇರೆ ಇತ್ತು. ಆ ಕೆಲಸಕ್ಕೆ ಫ್ಯಾಮಿಲಿ ವೀಸಾ ಇತ್ತು. ನನ್ನ ಮಗಳಿಗೆ ಆಗ ಮೂರೂವರೆ ವರ್ಷ. ಅವಳನ್ನು ನಾನು ಎರಡು ಸಲ ಮಾತ್ರ ನೋಡಿದ್ದೆ. ಮನೆಯ ಫೋನು ಗಂಟೆ ಹೊಡೆದರೆ ಅವಳು ‘ಪಪ್ಪಾ ಬಂದ್ರು’ ಎಂದು ಓಡಿ ಬರುತ್ತಿದ್ದಳಂತೆ. ನಾನು ಮುಶೈರಿಬ್‌ನ ಹಳೇ ಕಟ್ಟಡವೊಂದರಲ್ಲಿ ಐದು ಜನರ ಜತೆ ಒಂದು ಕೋಣೆಯಲ್ಲಿದ್ದೆ. ಶುಕ್ರವಾರ ಅಲ್ ಸದ್ದ್‌ನಲ್ಲಿದ್ದ ನಮ್ಮ ಊರಿನ ಒಂದು ಕುಟುಂಬದಲ್ಲಿ ಊಟಕ್ಕೆ ಹೋಗುತ್ತಿದ್ದೆ. ಅವರ ಬಾಗಿಲ ಹೊರಗೆ ಅಂಗೈಯಗಲದ ಎರಡು ಚಪ್ಪಲಿಗಳಿರುತ್ತಿದ್ದವು. ಒಳಗೆ ಹೋಗುವ ಮೊದಲು ನಾನು ಅವನ್ನು ಸರಿಯಾಗಿ ಜೋಡಿಸಿಡುತ್ತಿದ್ದೆ, ಯಾರೂ ಹೇಳದಿದ್ದರೂ. ನನಗೆ ಬೇಕಾಗಿದ್ದದ್ದು ಅಷ್ಟೇ. ಅಂಥದೊಂದು ಬಾಗಿಲು.

ಆದರೆ ಕೆಲಸ ಬದಲಿಸಬೇಕಾದರೆ ಈಗಿನ ಮಾಲೀಕರು ‘ರಿಲೀಸ್’ ಕೊಡಬೇಕು. ಒಂದು ಹಾಳೆಯ ಮೇಲೆ ಒಂದು ಸಹಿ. ಅದಿಲ್ಲದೆ ಹೊರಟರೆ ದೇಶ ಬಿಡಬೇಕು, ಎರಡು ವರ್ಷ ಮತ್ತೆ ಕಾಲಿಡುವ ಹಾಗಿಲ್ಲ. ನಮ್ಮ ಅರಬಾಬ್, ಎಂದರೆ ಕಂಪನಿಯ ಮಾಲೀಕರು, ಕೆಟ್ಟ ಮನುಷ್ಯರಲ್ಲ. ಕೈಕುಲುಕಿ ಮಾತಾಡಿಸುತ್ತಿದ್ದರು, ಈದ್‌ಗೆ ಮಾಂಸ ಕಳಿಸುತ್ತಿದ್ದರು. ರಿಲೀಸ್ ಎಂಬ ಶಬ್ದಕ್ಕೆ ಮಾತ್ರ ಅವರ ಕಿವಿ ಮಂದ. ಎರಡು ಸಲ ಕೇಳಿದ್ದೆ. ಎರಡು ಸಲವೂ ‘ಬುಕ್ರಾ’ ಎಂದಿದ್ದರು. ಬುಕ್ರಾ ಎಂದರೆ ನಾಳೆ. ನಮ್ಮಲ್ಲಿ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುವುದು ಯಾರಿಗೆ ಎಂದು ಗೊತ್ತಲ್ಲ.

ರಂಜಾನ್‌ಗೆ ಒಂದು ತಿಂಗಳು ಇರುವಾಗ ಅವರು ಪಿಕಪ್‌ನಲ್ಲಿ ಕಂಬಳಿ ಸುತ್ತಿದ ಒಂದು ಉದ್ದದ ಪೆಟ್ಟಿಗೆ ತಂದಿಳಿಸಿದರು. ನಾನು ಶವಪೆಟ್ಟಿಗೆ ಎಂದುಕೊಂಡೆ. ಕಂಬಳಿ ಬಿಚ್ಚಿದರೆ ಒಂದು ಪಿನ್‌ಬಾಲ್ ಯಂತ್ರ, ಹಲಗೆಯ ಮೇಲೆ ಉಕ್ಕಿನ ಚೆಂಡು ಓಡಿಸಿ ಆಡುವಂಥದು. ಅಂಚುಗಳು ಮರದವು, ಕಾಲುಗಳೂ ಮರದವು. ಅರಬಾಬ್‌ರ ತಂದೆ ಹುಡುಗರಾಗಿದ್ದಾಗ ದುಖಾನ್‌ನ ಎಣ್ಣೆ ಕ್ಯಾಂಪಿನಲ್ಲಿ ಕೂಲಿ ಮಾಡುತ್ತಿದ್ದರಂತೆ. ಅಲ್ಲಿ ಬಿಳಿಯರ ಕ್ಲಬ್ಬಿನಲ್ಲಿ ಈ ಯಂತ್ರ ಇತ್ತು. ಕ್ಲಬ್ಬಿನವರು ಹಳತಾಯಿತೆಂದು ಎಸೆದಾಗ ಅದನ್ನು ಲಾರಿಯಲ್ಲಿ ಹಾಕಿಕೊಂಡು ಅಲ್ ಶಮಾಲ್‌ನ ತಮ್ಮ ಮನೆಗೆ ತಂದಿದ್ದರು. ನಲವತ್ತು ವರ್ಷ ಗೋದಾಮಿನಲ್ಲಿ ಬಿದ್ದಿತ್ತು. ಈಗ ಮುದುಕರು ಕಾಯಿಲೆಯ ಚಿಕಿತ್ಸೆಗೆ ಜರ್ಮನಿಯಲ್ಲಿದ್ದರು, ಈದ್‌ಗೆ ಮನೆಗೆ ಬರುವವರಿದ್ದರು.

“ಈದ್‌ಗೆ ಇದು ಆಡಬೇಕು,” ಎಂದರು ಅರಬಾಬ್, ತಮ್ಮ ಅರೆ ಹಿಂದಿ ಅರೆ ಇಂಗ್ಲಿಷಿನಲ್ಲಿ. “ಬಾಬಾ ನೋಡಬೇಕು. ನೀನು ಮಾಡು, ನಿನ್ನ ಕಾಗದಕ್ಕೆ ನಾನು ಸಹಿ ಮಾಡುತ್ತೇನೆ. ವಲ್ಲಾ.” ದೇವರ ಮೇಲೆ ಆಣೆ ಇಟ್ಟ ಮೇಲೆ ನಾನು ಇನ್ನೇನು ಕೇಳಲಿ? ಗ್ಯಾಸ್ ಪ್ಲಾಂಟಿನವರು ಈದ್ ರಜೆ ಕಳೆದು ಒಂದು ವಾರದವರೆಗೆ ಕಾಯುತ್ತೇವೆ ಎಂದಿದ್ದರು. ಲೆಕ್ಕ ಸರಿ ಹೊಂದುತ್ತಿತ್ತು.

ಅಂಥ ಯಂತ್ರವನ್ನು ನಾನು ಮುಟ್ಟಿದವನಲ್ಲ. ನಮ್ಮವೆಲ್ಲ ಬೋರ್ಡು ಬದಲಿಸಿದರೆ ಮುಗಿಯುವಂಥವು. ಇದರಲ್ಲಿ ಒಂದೇ ಒಂದು ಚಿಪ್ ಇಲ್ಲ. ತಂತಿ ಸುತ್ತಿದ ಕಾಯಿಲ್, ಹಿತ್ತಾಳೆಯ ಪಟ್ಟಿ, ಹಲ್ಲಿನ ಚಕ್ರ, ಒಂದನ್ನೊಂದು ತಳ್ಳುವ ಕಡ್ಡಿಗಳು. ಒಳಗೆ ಮಡಚಿಟ್ಟಿದ್ದ ವೈರಿಂಗ್ ನಕ್ಷೆ ಮುಟ್ಟಿದರೆ ಹಪ್ಪಳದ ಹಾಗೆ ಮುರಿಯುತ್ತಿತ್ತು. ಮುಶೈರಿಬ್‌ನ ಇಂಟರ್‌ನೆಟ್ ಕೆಫೆಯಲ್ಲಿ ಕೂತು ಈ ಯಂತ್ರಗಳ ಬಗ್ಗೆ ಸಿಕ್ಕಿದ್ದನ್ನೆಲ್ಲ ಪ್ರಿಂಟ್ ತೆಗೆಸಿದೆ. ಬಸ್ಸಿನಲ್ಲಿ ಓದಿದೆ, ಊಟಕ್ಕೆ ಕೂತಾಗ ಓದಿದೆ. ಪರೀಕ್ಷೆಗೂ ಅಷ್ಟು ಓದಿದವನಲ್ಲ.

ಫ್ರಾನ್ಸಿನ ದೊಡ್ಡಮನೆಗಳಲ್ಲಿ ಬಿಲಿಯರ್ಡ್ಸ್ ಮೇಜನ್ನು ಕಿರಿದು ಮಾಡಿ ಆಡುತ್ತಿದ್ದರಂತೆ. ಚೆಂಡು ತಾಗಿ ಬಿದ್ದ ಗೂಟಗಳನ್ನು ಪ್ರತಿ ಸಲ ಎತ್ತಿ ನಿಲ್ಲಿಸಲು ಬೇಸರವಾಗಿ, ಗೂಟಗಳನ್ನು ಹಲಗೆಗೇ ಬಡಿದುಬಿಟ್ಟರು. ಅಲ್ಲಿಂದ ಶುರು. ಸೋಮಾರಿತನ ಇಲ್ಲದಿದ್ದರೆ ಎಷ್ಟೋ ಯಂತ್ರಗಳು ಹುಟ್ಟುತ್ತಲೇ ಇರಲಿಲ್ಲ. ಆಮೇಲೆ ಅಮೆರಿಕದಲ್ಲಿ ಕೋಲಿನ ಬದಲು ಸ್ಪ್ರಿಂಗಿನ ಹಿಡಿಕೆ ಬಂತು. ಎಳೆದು ಬಿಟ್ಟರೆ ಚೆಂಡು ಮೇಲೆ ಹೋಗಿ ಮೊಳೆಗಳ ನಡುವೆ ತಡವರಿಸುತ್ತ ಕೆಳಗೆ ಬರುತ್ತದೆ. ಗೂಟ ಸಣ್ಣದಾಗಿ ಮೊಳೆಯಾಯಿತು, ಆ ‘ಪಿನ್’ನಿಂದಲೇ ಆಟಕ್ಕೆ ಹೆಸರಾಯಿತು. ಕೆಲಸವಿಲ್ಲದ ಜನ ಬೀದಿ ತುಂಬಿದ್ದ ಮೂವತ್ತರ ದಶಕದಲ್ಲಿ ಅಂಗಡಿಯ ಕಟ್ಟೆಯ ಮೇಲೆ ಕೂರುವಷ್ಟು ಚಿಕ್ಕ ಪೆಟ್ಟಿಗೆಗಳು ಬಂದವು. ಒಂದು ಪುಡಿಗಾಸಿಗೆ ಕೆಲವು ಚೆಂಡು. ಕಾಲು ಬಂದದ್ದು ಆಮೇಲೆ. ಕರೆಂಟು ಬಂದದ್ದೂ ಆಮೇಲೆ.

ಇದರಲ್ಲಿ ಕಾಕಾಗೆ ತುಂಬ ಹಿಡಿಸಿದ್ದು ಒಂದೇ ಕತೆ. ಆಡುವವರು ಕೆಳಗಿನಿಂದ ಹಲಗೆಗೆ ಅಂಗೈಯಲ್ಲಿ ಗುದ್ದಿ ಚೆಂಡನ್ನು ಬೇಕಾದ ಕಡೆ ಹಾರಿಸುತ್ತಿದ್ದರಂತೆ. ಅದಕ್ಕೆ ಒಬ್ಬ ಹಲಗೆಯ ಅಡಿಯಿಂದ ಮೊಳೆಗಳ ಚೂಪು ಹೊರಬರುವಂತೆ ಬಡಿದ. ಕೈ ತೂತಾಗುವುದು ಕಂಡು, ಅದು ಅತಿಯಾಯಿತೆಂದು, ಒಂದು ಕಂಬದ ಮೇಲೆ ಗುಂಡು ಕೂರಿಸಿದರು. ಯಂತ್ರ ಅಲುಗಿದರೆ ಗುಂಡು ಬಿದ್ದು ಆಟ ಮುಗಿಯುತ್ತದೆ. ಕೊನೆಗೆ ತೂಗುವ ಗುಂಡು ಬಂತು; ಅದು ಸುತ್ತಲಿನ ಬಳೆಗೆ ತಾಗಿದರೆ ಆಟ ಬಂದ್.

“ಅಂದ್ರ ಮದ್ಲು ಮೊಳಿ ಬಡದು, ಆಮ್ಯಾಲ ಕಾನೂನು ಮಾಡಿದ್ರು ಅನ್ನು,” ಎಂದರು ಕಾಕಾ. “ಎಲ್ಲಾ ಊರಾಗೂ ಹಂಗs.”

ಅವರಿಗೆ ನಾನು ಹೇಳಿದ್ದು ಅಷ್ಟೇ. ಉಳಿದ ಹಾಳೆಗಳನ್ನು ಕೇಳಿದಾಗ, “ಅದೆಲ್ಲ ಟೆಕ್ನಿಕಲ್ ಮಾರಾಯ್ರೇ, ನಿಮಗೆ ಎಂತಕ್ಕೆ?” ಎಂದಿದ್ದೆ. ಇದನ್ನು ಈಗ ಬರೆಯುವಾಗಲೂ ನಾಚಿಕೆಯಾಗುತ್ತದೆ. ಆ ಹಾಳೆಗಳಲ್ಲೊಂದು, ಆಟಗಾರನ ಎದುರು ನಿಲ್ಲುವ ಚಿತ್ರದ ಗಾಜಿನ ಬಗ್ಗೆ ಇತ್ತು. ಅದರ ಬಣ್ಣ ಗಾಜಿನ ಮುಂದೆ ಇರುವುದಿಲ್ಲ, ಹಿಂದೆ ಇರುತ್ತದೆ. ದೀಪಗಳು ಹಿಂದಿನಿಂದ ಬೆಳಗಬೇಕಲ್ಲ. ಹಾಗಾಗಿ ತಿರುಗುಮುರುಗಾಗಿ ಬರೆಯುತ್ತಾರೆ, ಕಣ್ಣಿನ ರೆಪ್ಪೆ ಮೊದಲು, ಮುಖದ ಬಣ್ಣ ಆಮೇಲೆ. ಹಳೆಯದಾದರೆ ಬಣ್ಣ ಗಾಜನ್ನು ಬಿಟ್ಟು ಏಳುತ್ತದೆ, ನೀರು ಸೋಕಿಸಬಾರದು. ಆ ಸಾಲಿನ ಕೆಳಗೆ ನಾನೇ ಪೆನ್ನಿನಿಂದ ಗೆರೆ ಎಳೆದಿದ್ದೆ.

ನಮ್ಮ ಗಾಜಿನ ಮೇಲೆ ಒಂದು ಜಾತ್ರೆಯ ಚಿತ್ರವಿತ್ತು. ನಡುವೆ ಕೆಂಪು ಅಂಗಿ ತೊಟ್ಟು ಕುದುರೆಯ ಮೇಲೆ ನಿಂತ ಬಿಳಿ ಹೆಂಗಸು. ಅಂಗಿ ಮೊಣಕಾಲಿನ ಮೇಲೆಯೇ ಮುಗಿದಿತ್ತು. ಅಲ್ ಶಮಾಲ್‌ನ ಮನೆಯಲ್ಲಿ ಯಾರೋ, ಬಹುಶಃ ಅರಬಾಬ್‌ರ ತಾಯಿ, ಮುಂದಿನಿಂದ ಅವಳ ಕಾಲುಗಳ ಮೇಲೆ ಕಪ್ಪು ಟೇಪು ಅಂಟಿಸಿ ಮಾನ ಮುಚ್ಚಿದ್ದರು. ಸುತ್ತ ಬಲೂನುಗಳಲ್ಲಿ ಅಂಕೆಗಳು. ಆಟದಲ್ಲಿ ಎಷ್ಟು ಗಳಿಸಿದಿರೋ ಅಷ್ಟರ ಬಲೂನಿನ ಹಿಂದೆ ದೀಪ ಹತ್ತುತ್ತದೆ.

ಐದು ವಾರ ನಾವಿಬ್ಬರೂ ಅದಕ್ಕೆ ಬಿದ್ದೆವು. ದಿನದ ಕೆಲಸ ಮುಗಿಸಿ ಎರಡೆರಡು ಗಂಟೆ. ಸುಟ್ಟ ಕಾಯಿಲ್‌ಗಳನ್ನು ನಾನೇ ಸುತ್ತಿದೆ; ಆ ವಿದ್ಯೆ ಮಂಗಳೂರಿನದು. ಹಿತ್ತಾಳೆ ಪಟ್ಟಿಗಳನ್ನು ಕಾಕಾ ಒಂದೊಂದಾಗಿ ಉಜ್ಜಿದರು. ಎಲ್ಲ ಜೋಡಿಸಿ, ಸ್ಪಿರಿಟ್ ಲೆವೆಲ್ ಇಟ್ಟು ಹಲಗೆಯನ್ನು ಕೂದಲೆಳೆಯಷ್ಟೂ ವ್ಯತ್ಯಾಸ ಬಾರದಂತೆ ಸಮ ಮಾಡಿದೆ. ಕಲಿತ ಕೆಲಸ ನೋಡಿ. ಹಿಡಿಕೆ ಎಳೆದು ಬಿಟ್ಟೆ. ಚೆಂಡು ಮೇಲೆ ಹೋಯಿತು, ನಡುವೆ ಬಂದು ನಿಂತುಬಿಟ್ಟಿತು. ಕಾಕಾ ಹೊಟ್ಟೆ ಹಿಡಿದುಕೊಂಡು ನಕ್ಕರು. “ತಮ್ಮಾ, ನೀರ ಹರೀಬೇಕಂದ್ರ ಹೊಲಕ್ಕ ಇಳಕಲ ಬೇಕಲ್ಲೋ. ಏನ ಓದಿದ್ಯೋ ಅಷ್ಟ ಹಾಳಿ!” ಹಿಂದಿನ ಕಾಲುಗಳ ಅಡಿ ಎರಡು ಮರದ ಚೂರು ಇಟ್ಟರು. ಚೆಂಡು ಗಂಟೆಗಳನ್ನು ಬಾರಿಸುತ್ತ ಕೆಳಗೆ ಬಂತು. ಎರಡು ಫ್ಲಿಪ್ಪರ್‌ಗಳು, ಕೆಳಗೆ ಬೀಳುವ ಚೆಂಡನ್ನು ಹೊಡೆದು ಮೇಲಕ್ಕೆ ಕಳಿಸುವ ಪುಟ್ಟ ಕೈಗಳು, ಟಪ್ ಟಪ್ ಎಂದವು. ಆ ಕೈಗಳು ಬಂದದ್ದು ನಲವತ್ತೇಳರಲ್ಲಿ, ನಮಗೆ ಸ್ವಾತಂತ್ರ್ಯ ಬಂದ ವರ್ಷವೇ. ಅಲ್ಲಿಯವರೆಗೆ ಆಡುವವನು ಮಾಡಬಹುದಾದದ್ದು ಒಂದೇ. ಎಳೆದು ಬಿಡುವುದು, ಆಮೇಲೆ ಎಲ್ಲಿ ಬೀಳುತ್ತದೆಂದು ನೋಡುತ್ತ ನಿಲ್ಲುವುದು. ಬರೀ ಅದೃಷ್ಟದಾಟ ಎಂದು ಕೆಲವು ಊರುಗಳಲ್ಲಿ ಸರ್ಕಾರವೇ ಯಂತ್ರಗಳನ್ನು ಒಡೆಸಿ ಹಾಕಿತ್ತಂತೆ. ಗಲ್ಫಿಗೆ ಬಂದ ನಮ್ಮ ಆಟ ಇನ್ನೂ ನಲವತ್ತೇಳರ ಹಿಂದಿನದು ಎಂದು ನನಗೆ ಅನ್ನಿಸಿದ್ದು ನಿಜ. ಆದರೆ ಆ ದಿನ ಬೇಸರವಿರಲಿಲ್ಲ. ನನಗೂ ಎರಡು ಕೈ ಸಿಗುವುದರಲ್ಲಿತ್ತು.

ರಂಜಾನ್ ಶುರುವಾದ ಎರಡನೇ ವಾರ ಆಯುಧ ಪೂಜೆ ಬಂತು. ಕಾಕಾ ಅದನ್ನು ಒಂದು ವರ್ಷವೂ ಬಿಟ್ಟವರಲ್ಲ. ಶಟರ್ ಅರ್ಧ ಇಳಿಸಿ, ಒಳಗೆ ಎಲ್ಲ ಹತ್ಯಾರುಗಳನ್ನೂ ಸೋಪಿನ ನೀರಿನಲ್ಲಿ ತೊಳೆದು, ಒರೆಸಿ, ಸಾಲಾಗಿಟ್ಟು ಅರಿಸಿನ ಕುಂಕುಮ ಹಚ್ಚುತ್ತಿದ್ದರು. ವರ್ಷವಿಡೀ ಅನ್ನ ಹಾಕಿದ್ದನ್ನು ತೊಳೆಯದೆ ಪೂಜಿಸಬಾರದು ಎನ್ನುವುದು ಅವರ ನೇಮ. ನಾನು ಕ್ರಿಶ್ಚಿಯನ್, ಆದರೆ ಮಂಗಳೂರಿನ ವೈಂಡಿಂಗ್ ಅಂಗಡಿಯಲ್ಲಿ ಆರು ವರ್ಷ ಕಳೆದವನಿಗೆ ಆ ದಿನದ ಚುರುಮುರಿ ಹೊಸದಲ್ಲ. ಅಂದು ಬೆಳಿಗ್ಗೆ ಕಾಕಾ ಉಪವಾಸವಿದ್ದರು. ರಂಜಾನಿನ ಉಪವಾಸವೋ ಪೂಜೆಯ ಉಪವಾಸವೋ ಎಂದು ನಾನು ಕೆಣಕಿದೆ. “ಎರಡೂ ದೇವ್ರ ಹೆಸರಿಗೆ ಒಂದs ಹೊಟ್ಟಿ,” ಎಂದರು.

ಯಂತ್ರದ ಕೆಲಸ ಬಹುತೇಕ ಮುಗಿದಿತ್ತು. ದೀಪಗಳನ್ನು ಬದಲಿಸಲೆಂದು ಚಿತ್ರದ ಗಾಜನ್ನು ಹೊರಗೆ ತೆಗೆದು, ಕಂಬಳಿಯಲ್ಲಿ ಸುತ್ತಿ ಗೋಡೆಗೆ ಒರಗಿಸಿಟ್ಟಿದ್ದೆ. ಹತ್ತೂವರೆಗೆ ನನ್ನ ಮೊಬೈಲಿಗೆ ಪ್ಲಾಂಟಿನ ಆಫೀಸಿನಿಂದ ಕರೆ ಬಂತು. ಹೆಂಡತಿಯ ಪಾಸ್‌ಪೋರ್ಟ್ ನಂಬರು, ಮಗಳ ಜನನ ಪತ್ರ, ಯಾವಾಗ ಬರುತ್ತಾರೆ, ಎಂದು ಕೇಳುತ್ತಿದ್ದರು. ನಾನು ಅಂಗಳದಲ್ಲಿ ನಿಂತು ಒಂದೊಂದೇ ಅಂಕೆ ಓದಿ ಹೇಳುತ್ತಿದ್ದೆ. ಬಾಗಿಲಲ್ಲಿ ಕಾಕಾ ಬಕೆಟ್ ಹಿಡಿದು ನಿಂತರು.

“ತಮ್ಮಾ, ಆ ಚಿತ್ರದ ಗಾಜ ಭಾಳ ಹೊಲಸ ಆಗೇತಿ. ಅದನ್ನೂ ತೊಳದ ಇಡ್ಲೇನು?”

ನಾನು ಫೋನಿಗೆ ಕೈ ಅಡ್ಡ ಹಿಡಿದು, “ಹೂಂ ಹೂಂ, ತೊಳೀರಿ,” ಎಂದೆ. ಕೈ ತೆಗೆದು ಮಗಳ ಹುಟ್ಟಿದ ತಾರೀಖು ಹೇಳಿದೆ.

ಅರ್ಧ ಗಂಟೆಯ ನಂತರ ಒಳಗೆ ಹೋದಾಗ ಅವರು ಸಂತೋಷದಲ್ಲೇ ಇದ್ದರು. ಮೊದಲು ಮುಂಬದಿ ಒರೆಸಿ, ಆಮೇಲೆ ಹಿಂಬದಿಯನ್ನು ಸೋಪು ಹಾಕಿ ಉಜ್ಜುತ್ತಿದ್ದರು. “ಹೊಲಸ ಎಷ್ಟ ಬಂತ ನೋಡಿಲ್ಲೆ,” ಎಂದು ಬಕೆಟ್ ತೋರಿಸಿದರು. ನೀರಿನ ಮೇಲೆ ಕೆಂಪು, ನೀಲಿ, ಹಳದಿಯ ಚಕ್ಕೆಗಳು ತೇಲುತ್ತಿದ್ದವು. ಗಾಜಿನ ಮೂಲೆಯಲ್ಲಿ ಕುದುರೆಯ ಒಂದು ಕಿವಿ ಉಳಿದಿತ್ತು. ನಡುವೆ, ಮುಂಬದಿಗೆ ಅಂಟಿಕೊಂಡ ಕಪ್ಪು ಟೇಪು ಹಾಗೇ ಇತ್ತು. ಮುಚ್ಚಿದ್ದು ಉಳಿದಿತ್ತು, ಮುಚ್ಚಿಸಿಕೊಂಡವಳು ಹೋಗಿದ್ದಳು. ಬಲೂನುಗಳಿಲ್ಲ, ಅಂಕೆಗಳಿಲ್ಲ.

ನನ್ನ ಮುಖ ನೋಡಿ ಅವರ ಕೈ ನಿಂತಿತು. ನಾನು ಆಗ ಬಾಯಿಗೆ ಬಂದದ್ದನ್ನೆಲ್ಲ ಅಂದೆ. ತಂದೆಯ ವಯಸ್ಸಿನವರಿಗೆ ಅನ್ನಬಾರದ್ದನ್ನು ಅಂದೆ. ಅವರು ಬಕೆಟ್ಟಿನಿಂದ ಚಕ್ಕೆಗಳನ್ನು ಬೆರಳಲ್ಲಿ ಎತ್ತಿ ಒಂದು ಹಾಳೆಯ ಮೇಲೆ ಒಣಗಿಸಲು ಇಡತೊಡಗಿದರು. ಅವು ಬೆರಳಿಗೇ ಅಂಟಿ ಪುಡಿಯಾಗುತ್ತಿದ್ದವು. ಕುಂಕುಮದ ತಟ್ಟೆ ಪಕ್ಕದಲ್ಲೇ ಇತ್ತು.

ಮರುದಿನ ಬೆಳಿಗ್ಗೆ ಅರಬಾಬ್ ಬಂದರು. ನಮ್ಮ ಮಲಯಾಳಿ ಮ್ಯಾನೇಜರ್ ಜತೆಗಿದ್ದರು. ಅರಬಾಬ್ ಬೈಯಲಿಲ್ಲ. ಗಾಜನ್ನು ಬೆಳಕಿಗೆ ಹಿಡಿದು, ಅದರ ಮೂಲಕ ನಮ್ಮಿಬ್ಬರನ್ನೂ ನೋಡಿದರು. “ಯಾರು ಮಾಡಿದ್ದು?” ಎಂದು ಕೇಳಿದರು.

ನಾನು ಆ ರಾತ್ರಿಯೆಲ್ಲ ಒಂದು ವಾಕ್ಯವನ್ನು ತಯಾರು ಮಾಡಿಟ್ಟುಕೊಂಡಿದ್ದೆ. ಅದರಲ್ಲಿ ಒಂದು ಅಕ್ಷರವೂ ಸುಳ್ಳಾಗಬಾರದು ಎಂದು ಜಾಗ್ರತೆ ಮಾಡಿದ್ದೆ. “ನಾನು ಹೊರಗೆ ಫೋನಿನಲ್ಲಿದ್ದೆ. ಒಳಗೆ ಬರುವಾಗ ಅವರು ತೊಳೆಯುತ್ತಿದ್ದರು, ಬಣ್ಣ ಹೋಗಿಯಾಗಿತ್ತು,” ಎಂದೆ.

ಅರಬಾಬ್ ಕಾಕಾನ ಕಡೆ ತಿರುಗಿದರು. “ನಿನಗೆ ಯಾರಾದರೂ ಹೇಳಿದರಾ ತೊಳೆಯಲು?” ಕಾಕಾ ನನ್ನನ್ನು ಒಂದು ಸಲ ನೋಡಿದರು. ಸಿಟ್ಟಿನಿಂದಲ್ಲ. ರಸ್ತೆ ದಾಟುವ ಮೊದಲು ಗಾಡಿ ಬರುತ್ತಿದೆಯೇ ಎಂದು ನೋಡುವಷ್ಟು ಹೊತ್ತು, ಅಷ್ಟೇ. ಆಮೇಲೆ ತಮಗೆ ಗೊತ್ತಿದ್ದ ಹಿಂದಿಯಲ್ಲಿ, “ಇಲ್ಲ ಸಾಬ್. ನಾನೇ ತೊಳೆದೆ. ನಮ್ಮ ಹಬ್ಬ ಇತ್ತು,” ಎಂದರು.

“ಖಲಾಸ್,” ಎಂದರು ಅರಬಾಬ್. ಆ ಒಂದು ಶಬ್ದಕ್ಕೆ ಕಾಕಾನ ಕತಾರಿನ ಹದಿನೇಳು ವರ್ಷ ಮುಗಿದವು. ವೀಸಾ ಕ್ಯಾನ್ಸಲ್ ಮಾಡಿ ವಾರದೊಳಗೆ ಕಳಿಸಬೇಕೆಂದು ಮ್ಯಾನೇಜರ್‌ಗೆ ಹೇಳಿ ಹೋದರು. ನಾನು ಆಗಲಾದರೂ ಬಾಯಿ ಬಿಡಬಹುದಿತ್ತು. ಗಾಡಿ ಗೇಟು ದಾಟುವವರೆಗೂ ಸಮಯವಿತ್ತು. ನನ್ನ ತಲೆಯಲ್ಲಿದ್ದದ್ದು ಅಲ್ ಸದ್ದ್‌ನ ಬಾಗಿಲು, ಆ ಚಪ್ಪಲಿಗಳು.

ಏರ್‌ಪೋರ್ಟಿಗೆ ಕಂಪನಿಯ ಪಿಕಪ್‌ನಲ್ಲಿ ನಾನೇ ಬಿಡಲು ಹೋದೆ. ಮಧ್ಯಾಹ್ನದ ವಿಮಾನ. ದಾರಿಯಲ್ಲಿ ಅವರು ಅಗೆದ ರಸ್ತೆಗಳನ್ನು ನೋಡುತ್ತ, ಗೇಮ್ಸ್ ಮುಗಿಯುವುದರೊಳಗೆ ಇವು ಮುಗಿಯುವುದಿಲ್ಲ ಎಂದು ಮಾತಾಡಿದರು. ನಾನು ಬರೀ ತಲೆಯಾಡಿಸುತ್ತಿದ್ದೆ. ಬ್ಯಾಗು ಇಳಿಸಿ ಕೊಟ್ಟಾಗ ನನ್ನ ತೋಳು ಹಿಡಿದರು.

“ತಮ್ಮಾ, ನೀ ಹೂಂ ಅಂದಿದ್ದು ನನಗ ನೆನಪೈತಿ. ಮರತಿಲ್ಲ. ನಾ ಅಂದ್ರ ಹೋದ್ರೂ ನಡೀತೈತಿ, ಬಂದ್ರೂ ನಡೀತೈತಿ. ನಿನ್ನ ಕೂಸು ಬರ್ಲಿ ಅಂತ ಸುಮ್ಕಾದೆ. ಬ್ಯಾರೆ ಏನಿಲ್ಲ.”

ತಪ್ಪಾಯಿತು ಎನ್ನಬೇಕಿತ್ತು. “ಕಾಕಾ, ಪಾಸ್‌ಪೋರ್ಟ್ ಕೈಯಲ್ಲೇ ಇಟ್ಟುಕೊಳ್ಳಿ,” ಎಂದೆ. ಅವರು ಅಂಗಿಯ ಜೇಬು ತಟ್ಟಿ ತೋರಿಸಿ ಒಳಗೆ ಹೋದರು.

ಚಿತ್ರವಿಲ್ಲದ ಗಾಜನ್ನೇ ಕೂರಿಸಿ ಯಂತ್ರವನ್ನು ಈದ್‌ನ ಹಿಂದಿನ ದಿನ ಅಲ್ ಶಮಾಲ್‌ಗೆ ಸಾಗಿಸಿದೆವು. ಮರುದಿನ ಮಜ್ಲಿಸ್‌ನಲ್ಲಿ, ಗಂಡಸರು ಕೂರುವ ಆ ದೊಡ್ಡ ಹಜಾರದಲ್ಲಿ, ನಾನು ಯಂತ್ರದ ಪಕ್ಕ ನಿಂತಿದ್ದೆ. ಮುದುಕರನ್ನು ಗಾಲಿಕುರ್ಚಿಯಲ್ಲಿ ತಂದರು. ಅರಬಾಬ್ ತಂದೆಯ ಕಿವಿಯಲ್ಲಿ ಏನೋ ಹೇಳಿ, ಗಾಜಿನ ಕಡೆ ತೋರಿಸಿ ಕ್ಷಮೆ ಕೇಳುವವರಂತೆ ಕೈ ಅಗಲಿಸಿದರು. ಮುದುಕರು ಅತ್ತ ನೋಡಲಿಲ್ಲ. ಆಡಿಸು ಎಂದು ನನಗೆ ಸನ್ನೆ ಮಾಡಿದರು. ನಾನು ಹಿಡಿಕೆ ಎಳೆದು ಬಿಟ್ಟೆ. ಗಂಟೆಗಳು ಮೊಳಗಿದವು. ಮುದುಕರು ಕಣ್ಣು ಮುಚ್ಚಿಕೊಂಡರು. ಇನ್ನೊಮ್ಮೆ ಎಂದರು. ಇನ್ನೊಮ್ಮೆ. ಅವರ ಕೆನ್ನೆ ಒದ್ದೆಯಾಗಿತ್ತು.

ಆಮೇಲೆ ಅರಬಾಬ್ ನನಗೆ ವಿವರಿಸಿದರು. ಕ್ಯಾಂಪಿನ ಕ್ಲಬ್ಬಿನೊಳಗೆ ಅರಬ್ ಹುಡುಗರನ್ನು ಬಿಡುತ್ತಿರಲಿಲ್ಲ. ಅವರ ತಂದೆ ಕೆಲಸ ಮುಗಿಸಿ ಹೊರಗೋಡೆಗೆ ಒರಗಿ ಕೂತು ಆ ಗಂಟೆಗಳನ್ನು ಕೇಳುತ್ತಿದ್ದರು, ವರ್ಷಗಟ್ಟಲೆ. ಒಳಗೆ ಏನಿದೆ ಎಂದು ನೋಡಿದ್ದು, ಎಸೆದ ದಿನವೇ. “ಬಾಬಾಗೆ ಚಿತ್ರ ನೆನಪೇ ಇಲ್ಲವಂತೆ,” ಎಂದು ಅರಬಾಬ್ ನಕ್ಕರು. ಅವರ ನಗುವಿನಲ್ಲಿ ನಿರಾಳವಿತ್ತು. ಆ ಗಾಜಿಗಾಗಿ ಒಬ್ಬ ಮನುಷ್ಯನನ್ನು ಊರಿಗೆ ಅಟ್ಟಿದ್ದೆವು.

ಆದರೂ, ಹೇಳಿಬಿಡುತ್ತೇನೆ, ಆ ಗಳಿಗೆಯಲ್ಲಿ ನನಗೆ ಆಸೆಯೂ ಆಯಿತು. ರಜೆ ಮುಗಿದ ಮೊದಲ ದಿನವೇ ಕಾಗದ ಹಿಡಿದು ಆಫೀಸಿಗೆ ಹೋದೆ. ಅರಬಾಬ್ ಎದ್ದು ಬಂದು ಭುಜ ತಟ್ಟಿದರು, ಚಹಾ ತರಿಸಿದರು. ಕಾಗದವನ್ನು ಓದಿ ಮೇಜಿನ ಮೇಲೆ ಮಗುಚಿಟ್ಟರು.

“ಆಣೆ ಇಟ್ಟಿದ್ದು ಹೌದು. ಆಗ ನೀವು ಇಬ್ಬರಿದ್ದಿರಿ,” ಎಂದರು. “ನಿನ್ನ ಜತೆಯ ಮುದುಕ ಇದ್ದಿದ್ದರೆ ನಿನ್ನನ್ನು ಬಿಡುತ್ತಿದ್ದೆ, ಅವನು ನಡೆಸಿಕೊಂಡು ಹೋಗುತ್ತಿದ್ದ. ಈಗ ಅವನು ಹೋದ. ನಿನ್ನನ್ನೂ ಬಿಟ್ಟರೆ ಅಷ್ಟು ಮಾಲ್‌ಗಳನ್ನು ಯಾರು ನೋಡಬೇಕು? ಬಾಬಾನ ಯಂತ್ರ ಯಾರು ನೋಡಬೇಕು? ಮುಂದಿನ ವರ್ಷ, ಇನ್ಷಾ ಅಲ್ಲಾ.”

ಅವರು ಹೇಳಿದ್ದು ತರ್ಕಕ್ಕೆ ಸರಿಯಾಗಿತ್ತು. ಅದೇ ನನಗೆ ಉರಿದದ್ದು. ಕಾಕಾ ಅಲ್ಲಿದ್ದಿದ್ದರೆ ನನ್ನ ಬಾಗಿಲು ತೆರೆಯುತ್ತಿತ್ತು. ಆ ಬಾಗಿಲನ್ನು ನಾನೇ, ಒಂದು ಅಕ್ಷರವೂ ಸುಳ್ಳಿಲ್ಲದ ಒಂದು ವಾಕ್ಯದಿಂದ, ಹಾಕಿಕೊಂಡಿದ್ದೆ. ಪ್ಲಾಂಟಿನವರು ವಾರ ಕಾದರು, ಬೇರೆಯವನನ್ನು ತೆಗೆದುಕೊಂಡರು. ಮುಂದಿನ ವರ್ಷ ಅರಬಾಬ್ ಮತ್ತೆ ಮುಂದಿನ ವರ್ಷ ಎಂದರು. ಮಗಳಿಗೆ ಹೊಲಿಸಿದ್ದ ಪ್ರಯಾಣದ ಫ್ರಾಕನ್ನು ಹೆಂಡತಿ ಯಾವುದೋ ಮದುವೆಗೆ ತೊಡಿಸಿದಳಂತೆ. ಅವಳು ನನ್ನನ್ನು ಏನೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು.

ತಿಂಗಳಿಗೊಮ್ಮೆ ನಾನು ಅಲ್ ಶಮಾಲ್‌ಗೆ ಹೋಗಿ ಆ ಯಂತ್ರ ನೋಡಿ ಬರುತ್ತಿದ್ದೆ. ಅಂಕೆಗಳಿಲ್ಲದ ಗಾಜಿನ ಹಿಂದೆ ಬಲ್ಬುಗಳು ಹತ್ತಿ ಆರುತ್ತಿದ್ದವು. ಆಡಬಹುದು, ಎಷ್ಟಾಯಿತೆಂದು ಗೊತ್ತಾಗುವುದಿಲ್ಲ. ಹಿಂದಿನ ಕಾಲುಗಳ ಅಡಿ ಕಾಕಾ ಇಟ್ಟ ಮರದ ಚೂರುಗಳು ಹಾಗೆಯೇ ಇದ್ದವು.

ಮರುವರ್ಷ ಆಯುಧ ಪೂಜೆಯ ಬೆಳಿಗ್ಗೆ ನನ್ನ ಮೊಬೈಲಿಗೆ ಊರಿನ ಒಂದು ನಂಬರಿನಿಂದ ಕರೆ ಬಂತು. ಕಾಕಾ. ಗದಗದ ಒಂದು ಅಂಗಡಿಯ ಫೋನಿನಿಂದ ಮಾತಾಡುತ್ತಿದ್ದರು. ಹಿಂದೆ ಬಸ್ಸುಗಳ ಹಾರ್ನು ಕೇಳುತ್ತಿತ್ತು. ತಮ್ಮನ ಮನೆಯ ಪಡಸಾಲೆಯಲ್ಲಿ ಮಲಗುತ್ತೇನೆ, ಸೊಂಟ ಹಾಗೇ ಇದೆ ಎಂದರು. ಹತ್ಯಾರ ತೊಳೆದೆಯಾ ಎಂದು ಕೇಳಿದರು. ನಾನು ತೊಳೆದಿರಲಿಲ್ಲ.

ತಡೆದು ತಡೆದು, ಇದಕ್ಕೇ ಫೋನು ಮಾಡಿದ್ದು ಎಂಬಂತೆ ಕೇಳಿದರು. “ಕೂಸು ಬಂತೇನೋ ತಮ್ಮಾ?”

“ಹೂಂ,” ಎಂದೆ.

“ಹಂಗಾರ ಆತ ಬಿಡು,” ಎಂದರು ಕಾಕಾ. “ಲುಕ್ಸಾನ ಏನೂ ಆಗ್ಲಿಲ್ಲ.”